ಹವ್ಯಾಸ ಅಂದ್ರ ಕೈಗೆ ಗ್ರೀಸ್ ಹತ್ತಬೇಕು

ಹವ್ಯಾಸ ಅನ್ನೋ ಶಬ್ದಾನ ಈಗೀಗ ಎಲ್ಲಾರೂ ಭಾಳ ಸವಕಳಿ ಮಾಡ್ಯಾರ. ರೊಕ್ಕಾ ಕೊಟ್ಟು ಬ್ಯಾರೆಯವರ ಕಡೆ ಮಾಡಿಸಿದ್ದೂ ಹವ್ಯಾಸ, ಬ್ಯಾರೆಯವರು ಮಾಡೋದನ್ನ ಫೋನಿನ್ಯಾಗ ನೋಡ್ಕೋತ ಕೂತದ್ದೂ ಹವ್ಯಾಸ. ಹಂಗಾದ್ರ ಖಾನಾವಳಿಗೆ ಹೋಗಿ ರೊಟ್ಟಿ ತಿಂದು ಬರಾವರಿಗೆಲ್ಲಾ ಅಡಿಗಿ ಹವ್ಯಾಸ ಅದ ಅಂತ ಅನ್ನಬೇಕಾಗ್ತದ.

ಈ ಮಾತು ಯಾಕ ತಗದೆ ಅಂದ್ರ, ನಮ್ಮ ಕಡೆ ರಿಟೈರ್ ಆದ ಗಂಡಸರಿಗೆ ಹಳೇ ಕಾರಿನ ಹುಚ್ಚು ಹತ್ತೇದ. ಮೊದಲ ಗಿಡಾ, ಹೂವಿನ ಕುಂಡಿ ಅಂತಿದ್ರು, ಈಗ ರೀಸ್ಟೋರೇಶನ್. ನಮ್ಮ ಹಿಂದಿನ ಓಣ್ಯಾಗ ಒಬ್ರು ಅಂಬಾಸಡರ್ ಶುರು ಮಾಡಿ ನಾಕು ವರ್ಷ ಆತು. ಇಂಜಿನ್ ಇಳಿಸಿ ಗ್ಯಾರೇಜಿಗೆ ಹೋಗೇದ, ಬಾಡಿ ಅಂಗಳದಾಗ ಇಟ್ಟಂಗಿ ಮ್ಯಾಲೆ ನಿಂತದ. ಅವರ ಮನಿಯಾಕಿ ಬ್ಯಾಸಿಗಿಯೊಳಗ ಬಾನೆಟ್ ಮ್ಯಾಲೆ ಧೋತರ ಹಾಸಿ ಸಂಡಿಗಿ ಒಣಗಸ್ತಾರ. ಛಲೋ ಒಣಗ್ತಾವಂತ. ಆ ಗಾಡಿಯಿಂದ ಮನಿಗೆ ಆದ ಉಪಯೋಗ ಇಲ್ಲೀತನಕಾ ಅದೊಂದ.

ಈಗ ಆ ಗಾಳಿ ನಮ್ಮ ಮನಿಗೂ ಬಡದದ. ನಮ್ಮ ಮಾವನವರ ಪ್ರೀಮಿಯರ್ ಪದ್ಮಿನಿ, 1975ರದ್ದು, ಹಿತ್ತಲದಾಗ ಪತ್ರಾಸ ಶೆಡ್ಡಿನ ಕೆಳಗ ಹದಿನೇಳು ವರ್ಷದಿಂದ ನಿಂತದ. ನೀವೆಲ್ಲಾ ನೋಡೀರಿ, ನಿಮ್ಮ ಹುಡುಗರು ಕಣ್ಣಾಮುಚ್ಚಾಲಿ ಆಡೋ ಮುಂದ ಅದರಾಗ ಅಡಗತಿದ್ರು. ಅದನ್ನ ಮೊದಲಿನಂಗ ಮಾಡಿಸಬೇಕು ಅಂತ ನಮ್ಮನಿಯವರದು. ಪುಣೆದಾಗಿರೋ ಮೈದುನ “ಹೂಂ ಅಣ್ಣಾ, ಅಪ್ಪನ ನೆನಪು” ಅಂತಾನ. ರೊಕ್ಕದ ಮಾತು ಬಂದ ಕೂಡಲೆ ಅವನ ಫೋನಿಗೆ ರೇಂಜ್ ಸಿಗೂದಿಲ್ಲ. ನೆಗೆಣ್ಣಿ, ಓದಿ ಸಿಟ್ಟಾಗಬ್ಯಾಡ, ನಿನಗೂ ಗೊತ್ತದ.

ಗ್ಯಾರೇಜಿನವರು ಬಂದು ನೋಡಿ ಟಿಂಕರಿಂಗ್, ಪೇಂಟ್, ಇಂಜಿನ್, ವೈರಿಂಗ್, ಸೀಟು ಎಲ್ಲಾ ಹಿಡದು ನಾಕು ಲಕ್ಷ ಅಂದ್ರು. ಹೋಗೋ ಮುಂದ ಗೇಟಿನ ಹತ್ರ ನಿಂತು “ಬಿಚ್ಚಿದ ಮ್ಯಾಲೆ ಖರೇ ಗೊತ್ತಾಗ್ತದ್ರಿ” ಅಂತ ಒಂದು ಮಾತು ಸೇರಿಸಿದ್ರು. ಆ ರೊಕ್ಕಾ ಎಲ್ಲಿಂದ? ರಿಟೈರ್ ಆದಾಗ ಬಂದದ್ದನ್ನ ಬ್ಯಾಂಕಿನ್ಯಾಗ ಎಫ್‌ಡಿ ಇಟ್ಟೇವಲಾ, ಅದನ್ನ ಮುರದು. ನನ್ನ ಎಡಗಾಲಿನ ಮೊಣಕಾಲಿಗೆ ಆಪರೇಷನ್ ಬೇಕು ಅಂತ ಡಾಕ್ಟರು ಹೇಳಿ ಎರಡು ವರ್ಷ ಆತು. ಅದು ‘ನೋಡೋಣು’ ಅನ್ನೋ ಲೆಕ್ಕದಾಗ ಅದ. ಗಾಡಿ ಎಂಟ ದಿನದಾಗ ‘ಮಾಡಿಸೇಬಿಡೋಣು’ ಅನ್ನೋ ಲೆಕ್ಕಕ್ಕ ಬಂತು. ಎರಡೂ ಹಳೇವ, ಎರಡೂ ಜಂಗ ಹಿಡದಾವ. ಆದ್ರ ಒಂದಕ್ಕ ನಾಕು ಮಂದಿ ಮುಂದ ಮರ್ಯಾದಿ ಅದ.

ಗಾಡಿ ಬಗ್ಗೆ ನನಗೇನು ತಾತ್ಸಾರ ಇಲ್ಲ. ಮುಂಬೈ ಕುರ್ಲಾದಾಗ ಪ್ರೀಮಿಯರ್ ಕಂಪನಿಯವರು ಇಟಲಿಯ ಫಿಯಾಟ್ 1100 ಗಾಡೀನ ಇಲ್ಲೆ ತಯಾರು ಮಾಡ್ತಿದ್ರು, ಮುಂದ ಅದಕ್ಕ ಪದ್ಮಿನಿ ಅಂತ ಹೆಸರು ಬಂತು. 1089 ಸಿಸಿ ಇಂಜಿನ್, ಗೇರ್ ಸ್ಟೀರಿಂಗಿನ ಬಾಜೂಕ. 1983ರ ಡಿಸೆಂಬರದಾಗ ಮಾರುತಿ ಬರೋತನಕಾ ಮನಿಮುಂದ ಕಾರು ಅಂದ್ರ ಒಂದೋ ಇದು, ಇಲ್ಲಾ ಅಂಬಾಸಡರ್. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ನಾನು ಮದವಿ ಆಗಿ ಈ ಮನಿಗೆ ಬಂದದ್ದೂ ಅದರಾಗನ.

ಆದ್ರ ನೆನಪು ಅಂತಾರಲಾ, ಯಾರ ನೆನಪದು? ಮುಂದಿನ ಸೀಟಿನ್ಯಾಗ ಮಾವನವರು, ಬಾಜೂಕ ಬಂದ ಬೀಗರೋ, ಆಫೀಸಿನವರೋ. ನಮ್ಮ ಅತ್ತಿಯವರು, ನಾನು, ನಾದಿನಿ, ಮ್ಯಾಲೆ ನಾಕು ಹುಡುಗರು, ಎಲ್ಲಾರೂ ಹಿಂದ. ಕಾಲಾಗ ಬುತ್ತಿ ಗಂಟು, ತೊಡೀ ಮ್ಯಾಲೆ ವಾಂತಿ ಮಾಡೋ ಹುಡುಗ. ಸವದತ್ತಿ ಗುಡ್ಡಕ್ಕ ಹಿಂಗ ಎಷ್ಟ ಸಲ ಹೋಗೇವೋ. ಅತ್ತಿಯವರು ತೀರಿಕೊಳ್ಳೋತನಕಾ ಆ ಗಾಡಿಯ ಮುಂದಿನ ಸೀಟಿನ್ಯಾಗ ಒಂದ ದಿನಾನೂ ಕೂತದ್ದು ನಾ ನೋಡಿಲ್ಲ. ಅವರ ನೆನಪು ಯಾವ ಪೇಂಟಿನ್ಯಾಗ ಬರ್ತದ ಹೇಳ್ರಿ.

ಅದೂ ಇರಲಿ. ತಳದ ತಗಡು ಹೊಸಾದು, ಸೀಟಿನ ರೆಕ್ಸಿನ್ ಹೊಸಾದು, ವೈರು ಹೊಸಾವು, ಬಣ್ಣ ಹೊಸಾದು ಮಾಡಿಸಿದ ಮ್ಯಾಲೆ ಮಾವನವರದು ಅಂತ ಉಳಿಯೋದು ಆರ್‌ಸಿ ಪುಸ್ತಕ ಒಂದ. ಬಾಗಲದಾಗ ಅವರ ಮೊಣಕೈ ಇಟ್ಟು ಇಟ್ಟು ಬಣ್ಣ ಹೋದ ಜಾಗಾ ಒಂದದ. ನೆನಪು ಇದ್ರ ಅಲ್ಲೆ ಅದ. ಅದನ್ನ ಮೊದಲ ಉಜ್ಜಿ ತಗೀತಾರ.

ಅಣ್ಣನ ಮಗಾ ಒಬ್ಬ ಅದಾನ, ಭಾಳ ಶಾಣ್ಯಾ. “ಕಾಕು, ಐವತ್ತು ವರ್ಷ ಆತು, ವಿಂಟೇಜ್ ನಂಬರ್ ಸಿಗ್ತದ” ಅಂತ ಬಂದ. ನಾನೂ ಕೂತು ಓದಿದೆ, ಪಿಯುಸಿ ಓದಿದಾಕಿಗೆ ತಿಳಿಯೂವಷ್ಟ ಸರಳ ಅದ. 2021ರಾಗ ಕೇಂದ್ರ ಸರಕಾರ ಮಾಡಿದ ನಿಯಮ ಅದು. ಐವತ್ತು ವರ್ಷ ದಾಟಿದ, ಮೂಲ ರೂಪದಾಗ ಇರೋ ಗಾಡಿಗೆ ‘ವಿಎ’ ಅಂತ ಅಕ್ಷರ ಇರೋ ನಂಬರ್ ಕೊಡ್ತಾರ, ಹೊಸಾ ನೋಂದಣಿಗೆ 20,000 ರೂಪಾಯಿ. ಆದ್ರ ಆ ನಂಬರ್ ಹಚ್ಚಿದ ಗಾಡಿ ದಿನಾ ರಸ್ತೇದ ಮ್ಯಾಲೆ ಓಡಸೂ ಹಂಗಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲ್ ಹಾಕಸೋದು, ರಿಪೇರಿ, ಇಂಥಾದ್ದಕ್ಕ ಅಷ್ಟ. ಅಂದ್ರ ನಾಕು ಲಕ್ಷ ಹಾಕಿ, ನಂಬರಿಗೆ ಮತ್ತ ಹಾಕಿ, ಕಾಯಿಪಲ್ಯೆ ತರಾಕ ಆಟೋ ಹಿಡೀಬೇಕು! ಆ ಹುಡುಗನ ಇನ್ನೊಂದು ಆಸೆ, ಮಾರುತಿ ಇಂಜಿನ್ ಕೂಡಿಸಿ ಎಸಿ ಹಾಕಸೋಣು ಅಂತ. ಮೂಲ ರೂಪ ಅನ್ನೋ ಶಬ್ದಾ ಅವನು ಓದಿಲ್ಲಂತ ಕಾಣಸ್ತದ. ಸಾದಾ ನಂಬರ್ ಇಟ್ಕೊಂಡ್ರ ಐದೈದು ವರ್ಷಕ್ಕ ನೋಂದಣಿ ನವೀಕರಣ, ಇಪ್ಪತ್ತು ವರ್ಷ ದಾಟಿದ ಕಾರಿಗೆ ಅದರ ಫೀ 2025ರ ಆಗಸ್ಟದಿಂದ 10,000 ಆಗೇದ. ಮ್ಯಾಲೆ ಇನ್ಶೂರೆನ್ಸು.

ಸಾಮಾನಿನ ಮಾತು ಕೇಳ್ರಿ. ಕಂಪನಿ ಈ ಗಾಡಿ ಬಿಟ್ಟು ಇಪ್ಪತ್ತು ವರ್ಷದ ಮ್ಯಾಲಾತು. ಇಷ್ಟು ದಿನಾ ಮುಂಬೈದ ಕರೀ-ಹಳದಿ ಟ್ಯಾಕ್ಸಿಗಳಿಂದ ಇದರ ಸಾಮಾನು ಬಜಾರದಾಗ ಓಡ್ಯಾಡತಿತ್ತು. 2023ರ ಅಕ್ಟೋಬರದಾಗ ಕಡೇ ಪದ್ಮಿನಿ ಟ್ಯಾಕ್ಸೀನೂ ರಸ್ತೆ ಬಿಡ್ತು. ತಗೊಳ್ಳಾವರು ಕಡಿಮಿ ಆದ್ರ ಮಾರಾವರು ಎಷ್ಟ ದಿನಾ ಇಟ್ಕೋತಾರ? ಮತ್ತ ಈಗಿನ ಪೆಟ್ರೋಲಿನ್ಯಾಗ ನೂರಕ್ಕ ಇಪ್ಪತ್ತರಷ್ಟು ಇಥೆನಾಲ್ ಇರ್ತದ. ಹಳೇ ಗಾಡಿಯ ರಬ್ಬರ್ ಪೈಪು, ಕಾರ್ಬುರೇಟರಿನ ವಾಶರು ಅದಕ್ಕ ತಯಾರಾಗಿದ್ದಲ್ಲ, ಬಿರೀತಾವ, ಸೋರ್ತಾವ. ಅವನ್ನೂ ಬದಲಿ ಮಾಡಬೇಕು.

ನಿಮ್ಮ ಮನಿಯೊಳಗೂ ಈ ಹುಚ್ಚು ಬಂದ್ರ ಒಂದು ಉಪಾಯ ಹೇಳ್ತೇನಿ. ಎಲ್ಲಾರೂ ಇಂಜಿನ್ ಇಂಜಿನ್ ಅಂತಾರ, ಆದ್ರ ರೊಕ್ಕಾ ತಿನ್ನೋದು ಇಂಜಿನ್ ಅಲ್ಲ, ತಗಡು. ಇಂಜಿನ್ನಿಗೆ ಬೋರ್ ಮಾಡಿಸಿ ಪಿಸ್ಟನ್ ಹಾಕಿದ್ರ ಒಂದು ಲೆಕ್ಕಕ್ಕ ಮುಗೀತದ. ಜಂಗ ತಿಂದ ತಗಡು ಕತ್ತರಿಸಿ, ಬಡದು, ವೆಲ್ಡಿಂಗ್ ಮಾಡೋ ಕೆಲಸಕ್ಕ ದಿನಗೂಲಿ ಲೆಕ್ಕ, ಅದಕ್ಕ ಕಡೀ ಅನ್ನೋದಿಲ್ಲ. ಫ್ರಿಜ್ಜಿನ ಬಾಗಲಿಗೆ ತಿರುಪತಿಯಿಂದ ತಂದ ಮ್ಯಾಗ್ನೆಟ್ ಇರ್ತದಲಾ, ಅದನ್ನ ತಗೊಂಡು ಹೋಗಿ ಬಾಗಲದ ಕೆಳಗ, ಗಾಲಿಯ ಕಮಾನಿಗೆ, ಕಾಲಿಡೋ ಅಂಚಿಗೆ ಹಚ್ಚಿ ನೋಡ್ರಿ. ತಗಡಿದ್ರ ಹಿಡೀತದ, ಒಳಗ ಪುಟ್ಟಿ ತುಂಬಿದ್ರ ಜಾರಿ ಬೀಳ್ತದ. ನಮ್ಮ ಗಾಡ್ಯಾಗ ಐದು ಕಡೆ ಬಿತ್ತು. ಕಾಲಿನ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ಒತ್ತಿದೆ, ಅದು ಹಪ್ಪಳಕ್ಕ ಚುಚ್ಚಿದಂಗ ಕೆಳಗ ಹೋತು. ಗ್ಯಾರೇಜಿನವರು ಬಂದಾಗ ಅವರು ಬಾನೆಟ್ ಎತ್ತಿದ್ರು, ಮ್ಯಾಟ್ ಎತ್ತಿರಲಿಲ್ಲ.

ಇನ್ನ ನನ್ನ ಖರೇ ಸಿಟ್ಟಿನ ಮಾತು. ಹಳೇದನ್ನ ಮತ್ತ ಉಪಯೋಗಕ್ಕ ತರೋ ಕೆಲಸಾ ಈ ಮನಿಯೊಳಗ ಹೊಸಾದೇನಲ್ಲ. ನಮ್ಮ ಅತ್ತಿಯವರು ಹರದ ಇಳಕಲ್ ಸೀರಿ, ಧೋತರ, ಹುಡುಗರ ಲಂಗಾ ಕೂಡಿಸಿ ಕೌದಿ ಹೊಲೀತಿದ್ರು. ಮಧ್ಯಾಹ್ನ ಎಲ್ಲಾರದೂ ಊಟ ಆಗಿ, ಭಾಂಡೆ ತಿಕ್ಕಿ ಆದ ಮ್ಯಾಲೆ ಎರಡು ತಾಸು. ಒಂದು ಕೌದಿಗೆ ಎರಡು ತಿಂಗಳು. ಹೊಸಾ ಅರಿವಿಗೆ ಅಂತ ಒಂದು ರೂಪಾಯಿ ಕೇಳಲಿಲ್ಲ, ದಾರದ ಉಂಡಿಗೆ ಅಷ್ಟ ಕೇಳ್ತಿದ್ರು. ಅದಕ್ಕ ಯಾರೂ ರೀಸ್ಟೋರೇಶನ್ ಅನ್ನಲಿಲ್ಲ, ಯಾರೂ ಅದರ ಮುಂದ ನಿಂತು ಫೋಟೋ ಹೊಡಕೊಳ್ಳಲಿಲ್ಲ. ಹೊದ್ದಕೊಂಡು ಮಲಗಿದ್ರು. ಈಗಲೂ ಹೊದ್ದಕೋತೇವಿ. ಕೌದಿಗೆ ಇದ್ದ ಕಾಯದೆ ಕಾರಿಗೂ ಇರಲಿ ಅಂತ ನನ್ನ ವಾದ. ಮನ್ಯಾಗ ಇದ್ದಷ್ಟರಾಗ ಮಾಡ್ರಿ, ನಿಮ್ಮ ಕೈಯಿಂದ ಮಾಡ್ರಿ, ಆಮ್ಯಾಲೆ ಉಪಯೋಗಿಸ್ರಿ.

“ಅಲ್ಲ ವೈನಿ, ರಿಟೈರ್ ಆದ ಗಂಡಸು ದಿನಾ ಟಿವಿ ಮುಂದ ಕೂಡೋದಕ್ಕಿಂತ ಇದು ಛಲೋ ಅಲ್ಲೇನ್ರಿ?” ಅಂತ ನೀವು ಕೇಳ್ತೀರಿ, ನಾದಿನಿ ಆಗಲೇ ಕೇಳ್ಯಾಳ. ಛಲೋನ. ಮಾಡ್ತಾರಂದ್ರ ಛಲೋನ. ಗಾಲಿ ಬಿಚ್ಚಿ ಬ್ರೇಕ್ ನೋಡೋದು, ಕಾರ್ಬುರೇಟರ್ ತೊಳಿಯೋದು, ಜಂಗ ಉಜ್ಜಿ ರೆಡ್ ಆಕ್ಸೈಡ್ ಹಚ್ಚೋದು ಕಲತ್ರ ನಾನ ಚಹಾ ಮಾಡಿ ಶೆಡ್ಡಿಗೆ ಒಯ್ದು ಕೊಡ್ತೇನಿ. ಆದ್ರ ಗಾಡಿ ಗ್ಯಾರೇಜಿಗೆ ಹೋಗಿ, ಎಫ್‌ಡಿ ಅದರ ಹಿಂದ ಹೋಗಿ, ಇವರು ಮತ್ತ ಟಿವಿ ಮುಂದನ ಕೂತ್ರ ಅದರಾಗ ಹವ್ಯಾಸ ಯಾರದು? ಗ್ಯಾರೇಜಿನವರದು.

ಅದಕ್ಕ ನಾನು ಖಂಡತುಂಡ ಹೇಳೇನಿ. ಎಫ್‌ಡಿಗೆ ಕೈ ಹಚ್ಚೂ ಹಂಗಿಲ್ಲ, ಅದರಾಗ ಮೊದಲ ನನ್ನ ಮೊಣಕಾಲು. ಗಾಡಿಗೆ ಪೆನ್ಶನ್ನಿನ್ಯಾಗ ತಿಂಗಳಿಗೆ ಮೂರು ಸಾವಿರ, ಹೆಚ್ಚು ಬೇಕಂದ್ರ ಪುಣೆಗೆ ಫೋನ್ ಮಾಡ್ಲಿ. ವೆಲ್ಡಿಂಗಿಗೆ ಮಂದೀನ ಕರೀಬೇಕು, ಅದು ಒಪ್ಪೇನಿ, ಆ ಬೆಂಕಿ ಕೆಲಸಾ ಇವರ ಕೈಯಾಗ ಬ್ಯಾಡ. ಬಣ್ಣ ಎಲ್ಲಾಕ್ಕಿಂತ ಕಡೀಕ, ಆ ಮೊಣಕೈಯ ಜಾಗಾ ಬಿಟ್ಟು. ವಿಂಟೇಜ್ ನಂಬರ್ ಬ್ಯಾಡ, ಸಾದಾ ನಂಬರ್ ಇರಲಿ. ಗಾಡಿ ಓಡಿದ ದಿನಾ ಮುಂದಿನ ಸೀಟು ನನ್ನದು. ಬರೋ ದೀಪಾವಳಿತನಕಾ ಒಂದು ಗಾಲೀನೂ ಬಿಚ್ಚಲಿಲ್ಲಂದ್ರ, ಕೇಳಿಕೊಂಡು ಬಂದಿರೋ ಮೆಕ್ಯಾನಿಕ್ ಹುಡುಗಗ ಕೊಟ್ಟುಬಿಡೋದು. ಅವನರೆ ಓಡಸ್ತಾನ.

ಎರಡು ದಿನಾ ಮಾತಾಡಲಿಲ್ಲ. ಮೂರನೇ ದಿನಾ ಪಾನಾ ಸೆಟ್ ತಂದಾರ. ರವಿವಾರ ಜ್ಯಾಕ್ ಹಚ್ಚತೇನಿ ಅಂತ ಹೇಳ್ಯಾರ. ನಾನೂ ಒಂದು ಹಳೇ ಧೋತರ ಹರದು ಶೆಡ್ಡಿನ ಗೂಟಕ್ಕ ಹಾಕೇನಿ, ಕೈ ಒರಸಾಕ ಛಲೋ ಟಾವೆಲ್ ಮುಟ್ಟಬ್ಯಾಡ್ರಿ ಅಂತ.