ಸಸಾರಜನಕ ಅಂದ್ರೆ ನಗೋದ್ಯಾಕೆ?

ಕಳೆದ ಸೆಮಿಸ್ಟರ್‌ನ ಮಾತು. ಬಯಾಲಜಿ ಫಾರ್ ಎಂಜಿನಿಯರ್ಸ್ ಕ್ಲಾಸ್. ಮಧ್ಯಾಹ್ನದ ಊಟ ಮುಗಿಸಿ ಬಂದು ಅರ್ಧ ಕ್ಲಾಸ್ ತೂಕಡಿಸ್ತಾ ಇತ್ತು. ಬೇಳೆಕಾಳಲ್ಲಿ ಮುಖ್ಯವಾಗಿ ಏನಿರುತ್ತೆ ಅಂತ ಮೇಡಂ ಕೇಳಿದರು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಗೆಳೆಯನೊಬ್ಬ ಎದ್ದು ನಿಂತು, "ಸಸಾರಜನಕ ಮೇಡಂ" ಅಂದ. ಹಿಂದಿನ ಬೆಂಚಿಂದ ಶುರುವಾದ ನಗು ಮುಂದಿನ ಬೆಂಚಿನವರೆಗೂ ಬಂತು. "ಸಾರು ಮಾಡೋ ಜನಕನಾ?" ಅಂತ ಯಾರೋ ಕೂಗಿದರು. ಅವನೂ ನಕ್ಕು ಕೂತುಬಿಟ್ಟ. ಸೆಮಿಸ್ಟರ್ ಮುಗಿಯೋವರೆಗೆ ಮತ್ತೆ ಒಂದೇ ಒಂದು ಪ್ರಶ್ನೆಗೂ ಅವನು ಎದ್ದು ಉತ್ತರ ಹೇಳಲಿಲ್ಲ.

ನಕ್ಕವರಲ್ಲಿ ನಾವೂ ಇದ್ದೆವು. ನವೆಂಬರ್ ಬಂದ್ರೆ ಹಳದಿ-ಕೆಂಪು ಶಾಲು ಹೊದ್ದು ಸ್ಟೇಜ್ ಹತ್ತುವ ಕನ್ನಡ ಸಂಘದವರೇ! ಆಮೇಲೆ ನಮಗೇ ಇರುಸುಮುರುಸಾಯ್ತು. ಪ್ರೋಟೀನ್ ಅನ್ನೋದು 'ಸರಿಯಾದ' ಹೆಸರು, ಸಸಾರಜನಕ ಅನ್ನೋದು ತಮಾಷೆಯ ಹೆಸರು ಅಂತ ನಮಗೆ ಹೇಳಿಕೊಟ್ಟವರು ಯಾರು? ಒಮ್ಮೆ ನೋಡೇಬಿಡೋಣ ಅಂತ ಹುಡುಕಲು ಕೂತೆವು.

ಮೊದಲನೇ ಆಶ್ಚರ್ಯ: ಪ್ರೋಟೀನ್ ಹುಟ್ಟಿನಿಂದ ಇಂಗ್ಲಿಷ್ ಪದವೇ ಅಲ್ಲ. ಅದು 1838ರಲ್ಲಿ ಕಟ್ಟಿದ ಪದ. ಗೆರಾರ್ಡಸ್ ಮುಲ್ಡರ್ ಅನ್ನೋ ಡಚ್ ರಸಾಯನಶಾಸ್ತ್ರಜ್ಞ ಮೊಟ್ಟೆಯ ಬಿಳಿಭಾಗ, ರಕ್ತದ ಅಂಶಗಳು ಮುಂತಾದವನ್ನು ವಿಶ್ಲೇಷಣೆ ಮಾಡಿದ. ಎಲ್ಲದರಲ್ಲೂ ಇಂಗಾಲ, ಜಲಜನಕ, ಸಾರಜನಕ, ಆಮ್ಲಜನಕಗಳು ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಕಂಡವು. ಹಾಗಾದರೆ ಇವೆಲ್ಲದರ ತಳದಲ್ಲಿ ಇರೋದು ಒಂದೇ ಮೂಲವಸ್ತು, ಅದಕ್ಕೆ ಗಂಧಕ, ರಂಜಕ ಬೇರೆ ಬೇರೆ ಪ್ರಮಾಣದಲ್ಲಿ ಅಂಟಿಕೊಂಡಿವೆ ಅಂತ ತೀರ್ಮಾನಿಸಿದ. ಅದಕ್ಕೆ ಹೆಸರು ಸೂಚಿಸಿದ್ದು ಸ್ವೀಡನ್ನಿನ ಬರ್ಜೀಲಿಯಸ್. ಧಾತುಗಳನ್ನು ಒಂದೆರಡು ಅಕ್ಷರದಲ್ಲಿ ಬರೆಯೋ ಪದ್ಧತಿ ಕೊಟ್ಟನಲ್ಲ, ಅವನೇ. 1838ರ ಜುಲೈ 10ರಂದು ಮುಲ್ಡರ್‌ಗೆ ಬರೆದ ಪತ್ರದಲ್ಲಿ, ಮೊದಲ ಸ್ಥಾನದ್ದು ಅನ್ನೋ ಅರ್ಥದ ಗ್ರೀಕ್ ಪದದಿಂದ ಈ ಹೆಸರು ಮಾಡಿಕೊಟ್ಟ. ಗಿಡಗಳು ಇದನ್ನು ತಯಾರಿಸುತ್ತವೆ, ಗಿಡ ತಿನ್ನೋ ಪ್ರಾಣಿಗೆ ಕೊಡುತ್ತವೆ, ಅಲ್ಲಿಂದ ಮಾಂಸ ತಿನ್ನೋ ಪ್ರಾಣಿಗೆ ಹೋಗುತ್ತೆ, ಹಾಗಾಗಿ ಪ್ರಾಣಿಪೋಷಣೆಯಲ್ಲಿ ಇದೇ ಮೊದಲನೆಯದು ಅನ್ನೋದು ಅವನ ವಾದ.

ಎರಡನೇ ಆಶ್ಚರ್ಯ: ಮುಲ್ಡರ್‌ನ ಸಿದ್ಧಾಂತ ತಪ್ಪಾಗಿತ್ತು. ಎಲ್ಲದರ ತಳದಲ್ಲಿ ಒಂದೇ ಮೂಲವಸ್ತು ಇಲ್ಲ. ಇರೋದು 20 ಬಗೆಯ ಅಮಿನೊ ಆಮ್ಲಗಳನ್ನು ಬೇರೆ ಬೇರೆ ಕ್ರಮದಲ್ಲಿ ಪೋಣಿಸಿದ ಸಾವಿರಾರು ಬಗೆಯ ಸರಪಳಿಗಳು. ಸಿದ್ಧಾಂತ ಬಿದ್ದುಹೋಯ್ತು, ಹೆಸರು ಉಳೀತು. ಆಕ್ಸಿಜನ್ ಕಥೆಯೂ ಇದೇ. ಎಲ್ಲ ಆಮ್ಲಗಳಲ್ಲೂ ಅದು ಇರಲೇಬೇಕು ಅಂದುಕೊಂಡು ಲವಾಸಿಯೆ ಇಟ್ಟ ಹೆಸರು ಅದು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲ ಅಂತ ಆಮೇಲೆ ಗೊತ್ತಾಯ್ತು. ಆದರೂ ಅದು ಆಕ್ಸಿಜನ್ನೇ, ನಮಗೆ ಆಮ್ಲಜನಕವೇ.

ಇನ್ನು ಬೇರೆ ಭಾಷೆಗಳವರು ಏನಂತಾರೆ? ಮುಲ್ಡರ್‌ನ ಸ್ವಂತ ಭಾಷೆ ಡಚ್‌ನಲ್ಲಿ ಪ್ರೋಟೀನ್‌ಗೆ ದಿನಬಳಕೆಯ ಪದ 'ಐವಿಟ್'. ಹಾಗಂದ್ರೆ ಮೊಟ್ಟೆಯ ಬಿಳಿ. ಜರ್ಮನ್ನರ 'ಐವೈಸ್' ಕೂಡ ಮೊಟ್ಟೆಯ ಬಿಳಿಯೇ. ರಷ್ಯನ್ನರ 'ಬೆಲೋಕ್' ಬಿಳಿ ಅನ್ನೋ ಪದದಿಂದ ಬಂದದ್ದು, ಮೊಟ್ಟೆಯ ಬಿಳಿಗೂ ಪ್ರೋಟೀನ್‌ಗೂ ಅದೊಂದೇ ಪದ. ಹಂಗೇರಿಯವರ ಪದದಲ್ಲೂ ಇರೋದು ಬಿಳಿಯೇ. ಚೀನೀಯರು ಮೂರು ಅಕ್ಷರ ಬರೀತಾರೆ: ಮೊಟ್ಟೆ, ಬಿಳಿ, ವಸ್ತು. ಜಪಾನೀಯರು ಅವೇ ಅಕ್ಷರಗಳನ್ನು 'ತಂಪಾಕುಶಿತ್ಸು' ಅಂತ ಓದುತ್ತಾರೆ. ಜರ್ಮನಿಯಲ್ಲಿ ಕಾಳಿನ ಪೊಟ್ಟಣದ ಮೇಲೂ ಪ್ರೋಟೀನ್ ಜಾಗದಲ್ಲಿ 'ಮೊಟ್ಟೆಬಿಳಿ ಇಷ್ಟು ಗ್ರಾಂ' ಅಂತ ಅಚ್ಚಾಗುತ್ತೆ. ಅದನ್ನು ಓದಿ ಅಲ್ಲಿ ಯಾರೂ ಬೆಂಚು ಬಡಿದು ನಗಲ್ಲ.

ನೆರೆಯವರನ್ನೂ ನೋಡಿ. ತೆಲುಗಿನಲ್ಲಿ 'ಮಾಂಸಕೃತ್ತುಲು', ಮಲಯಾಳದಲ್ಲಿ 'ಮಾಂಸ್ಯಂ'. ಎರಡರಲ್ಲೂ ಮಾಂಸ ಎದುರಿಗೇ ಕೂತಿದೆ. ಬಂಗಾಳಿಯ 'ಆಮಿಷ್' ಕೂಡ ಮೂಲದಲ್ಲಿ ಮಾಂಸವೇ. ಚುನಾವಣೆ ಹೊತ್ತಲ್ಲಿ ನಮ್ಮ ಪೇಪರ್‌ಗಳಲ್ಲಿ ಬರುವ 'ಆಮಿಷ' ಇದೇ ಪದ, ಬಲೆಗೆ ಕಟ್ಟಿದ ಮಾಂಸದ ತುಂಡು. ಇನ್ನೊಂದು ದಾರಿ ಹಿಡಿದವರೂ ಇದ್ದಾರೆ. ತಮಿಳಿನ 'ಪುರದಂ', ಮರಾಠಿಯ 'ಪ್ರಥಿನೆ' ಎರಡೂ ಪ್ರೋಟೀನ್ ಅನ್ನೋ ಸದ್ದನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡಂತಿವೆ.

ಅಂದ್ರೆ ಕೆಲವರಿಗೆ ಅದು 'ಮೊದಲನೆಯದು', ಕೆಲವರಿಗೆ 'ಬಿಳಿ', ಕೆಲವರಿಗೆ 'ಮಾಂಸ'. ಕನ್ನಡದ್ದು ಮಾತ್ರ ಬೇರೆ ಥರ. ಸಾರಜನಕ ಅಂದ್ರೆ ನೈಟ್ರೋಜನ್. ಮದುವೆ ಕರೆಯೋಲೆಯ 'ಸಕುಟುಂಬ'ದಲ್ಲಿ ಇರುವ ಅದೇ 'ಸ' ಇಲ್ಲೂ ಇದೆ. ಸಸಾರಜನಕ ಅಂದ್ರೆ ಸಾರಜನಕದ ಜೊತೆಗಿರುವಂಥದ್ದು. ಶರ್ಕರಪಿಷ್ಟದಲ್ಲೂ ಕೊಬ್ಬಿನಲ್ಲೂ ಇರೋದು ಮುಖ್ಯವಾಗಿ ಇಂಗಾಲ, ಜಲಜನಕ, ಆಮ್ಲಜನಕ. ಆಹಾರದ ಈ ಮೂರು ದೊಡ್ಡ ಗುಂಪುಗಳಲ್ಲಿ ಪ್ರೋಟೀನನ್ನು ಬೇರೆ ಮಾಡಿ ತೋರಿಸೋದೇ ಸಾರಜನಕ. ನಾವು ನಕ್ಕ ಪದದೊಳಗೆ ಒಂದು ರಸಾಯನಶಾಸ್ತ್ರದ ಪಾಠವೇ ಇತ್ತು.

ಇಷ್ಟೇ ಆಗಿದ್ರೆ ಪದಪ್ರೇಮದ ಮಾತು ಅಂತ ಬಿಡಬಹುದಿತ್ತು. ಆದರೆ ಲ್ಯಾಬ್‌ನಲ್ಲಿ ಪ್ರೋಟೀನ್ ಅಳೆಯೋದೂ ಇದೇ ದಾರಿಯಲ್ಲಿ. 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಯೋಹಾನ್ ಕೆಲ್ಡಾಲ್ ಕೊಟ್ಟ ವಿಧಾನ ಇವತ್ತಿಗೂ ಬಳಕೆಯಲ್ಲಿದೆ. ಆಹಾರವನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸಿ, ಅದರ ಸಾರಜನಕವನ್ನು ಅಮೋನಿಯಾ ಆಗಿ ಹೊರತೆಗೆದು ಅಳೀತಾರೆ. ಪ್ರೋಟೀನ್‌ನಲ್ಲಿ ಸರಾಸರಿ ಶೇ 16ರಷ್ಟು ಸಾರಜನಕ ಇರುತ್ತೆ ಅಂತ ಲೆಕ್ಕ. 100ನ್ನು 16ರಿಂದ ಭಾಗಿಸಿದ್ರೆ 6.25. ಸಿಕ್ಕ ಸಾರಜನಕವನ್ನು 6.25ರಿಂದ ಗುಣಿಸಿದ್ರೆ ಪ್ರೋಟೀನ್. ಅಂದ್ರೆ ಈ ಪರೀಕ್ಷೆ ಪ್ರೋಟೀನನ್ನು ನೇರವಾಗಿ ನೋಡೋದೇ ಇಲ್ಲ. ಹಾಜರಿ ಪುಸ್ತಕ ನೋಡಿ, ಇಷ್ಟು ಜನ ಪಾಠ ಕೇಳಿದ್ದಾರೆ ಅಂದ ಹಾಗೆ.

ಹಾಜರಿ ಅಂದ ಮೇಲೆ ಪ್ರಾಕ್ಸಿ ಇರಲೇಬೇಕಲ್ಲ! ಮೆಲಮಿನ್ ಅನ್ನೋ ರಾಸಾಯನಿಕದ ತೂಕದಲ್ಲಿ ಮೂರನೇ ಎರಡು ಭಾಗ ಸಾರಜನಕವೇ. ನಮ್ಮ ಎಷ್ಟೋ ಹಾಸ್ಟೆಲ್ ಮೆಸ್‌ಗಳ ತಟ್ಟೆ ಮಾಡೋದು ಇದನ್ನೇ ಬಳಸಿ. 1 ಗ್ರಾಂ ಮೆಲಮಿನ್ ಬೆರೆಸಿದ್ರೆ ಈ ಲೆಕ್ಕದಲ್ಲಿ 4 ಗ್ರಾಂಗಿಂತ ಹೆಚ್ಚು 'ಪ್ರೋಟೀನ್' ಕಾಣುತ್ತೆ. ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಇದನ್ನು ಹಾಕಿ ಪರೀಕ್ಷೆಯಲ್ಲಿ ಪಾಸ್ ಮಾಡಿಸಿದ್ದು 2008ರಲ್ಲಿ ಬಯಲಾಯ್ತು. ಆ ಹಾಲಿನ ಪುಡಿ ಕುಡಿದ ಸುಮಾರು 3 ಲಕ್ಷ ಮಕ್ಕಳಿಗೆ ಕಾಯಿಲೆಯಾಯ್ತು, ಮೂತ್ರಪಿಂಡದಲ್ಲಿ ಕಲ್ಲಾಯ್ತು. ಸರ್ಕಾರಿ ಲೆಕ್ಕದಲ್ಲೇ 6 ಕೂಸುಗಳು ತೀರಿಕೊಂಡವು. ಹೆಸರು ಕ್ಷೀರಸಾಗರ ಭಟ್ಟ, ಮನೇಲಿ ಮಜ್ಜಿಗೆಗೆ ತತ್ವಾರ ಅನ್ನೋ ಗಾದೆಯನ್ನು ಇದಕ್ಕಿಂತ ಕ್ರೂರವಾಗಿ ಯಾರೂ ನಿಜ ಮಾಡಿರಲಿಕ್ಕಿಲ್ಲ.

ಇದು ದೂರದ ಕಥೆ ಅಂತ ಜಿಮ್‌ಗೆ ಹೋಗೋ ಗೆಳೆಯರು ಅಂದುಕೊಳ್ಳಬೇಡಿ. ವೇ ಪೌಡರ್‌ಗೆ ಗ್ಲೈಸಿನ್, ಟಾರಿನ್‌ನಂಥ ಅಗ್ಗದ ಪದಾರ್ಥ ಬೆರೆಸಿ ಸಾರಜನಕದ ಲೆಕ್ಕ ಏರಿಸೋದಕ್ಕೆ 'ಅಮಿನೊ ಸ್ಪೈಕಿಂಗ್' ಅಂತ ಹೆಸರೇ ಇದೆ. ಡಬ್ಬದ ಮೇಲಿನ ಪ್ರೋಟೀನ್ ಅನ್ನೋ ದಪ್ಪಕ್ಷರ ಓದಿ ಈ ಮೋಸ ಹೊಳೆಯಲ್ಲ. 'ಸಸಾರಜನಕ' ಅಂತ ಅರ್ಥ ಮಾಡಿಕೊಂಡು ಓದಿದವನಿಗೆ, ಸಾರಜನಕ ಬಂದದ್ದು ಎಲ್ಲಿಂದ ಅನ್ನೋ ಅನುಮಾನವಾದ್ರೂ ಬರುತ್ತೆ.

ಇದಕ್ಕೆ ಎದುರುವಾದ ಇಲ್ಲದೆ ಇಲ್ಲ. ಸಾರಜನಕ ಯೂರಿಯಾದಲ್ಲೂ ಇದೆ, ಡಿಎನ್ಎಯಲ್ಲೂ ಇದೆ. ಹಾಗಾದ್ರೆ ಅವೂ ಸಸಾರಜನಕಗಳೇ ಅಲ್ವಾ ಅಂತ ಕೇಳಬಹುದು. ಸರಿಯಾದ ಪ್ರಶ್ನೆ. ಹೆಸರು ಅಷ್ಟು ಸಡಿಲವಾಗಿರೋದು ನಿಜ, ಕೆಲ್ಡಾಲ್ ಪರೀಕ್ಷೆ ಮೋಸಹೋಗಿದ್ದೂ ಅದೇ ಸಡಿಲದಲ್ಲಿ. ಪದ ಸಂಸ್ಕೃತಮಯ, ನಾಲಿಗೆ ಹೊರಳಲ್ಲ ಅನ್ನೋದನ್ನೂ ಒಪ್ಪುತ್ತೇವೆ. ನಾವೂ ಮೆಸ್‌ನಲ್ಲಿ ಪ್ರೋಟೀನ್ ಅಂತಲೇ ಅಂತೀವಿ, ನಾಳೆಯೂ ಅಂತೀವಿ. ಅದು ಈಗ ಕನ್ನಡದ್ದೇ ಪದ. ನಮ್ಮ ತಕರಾರು ಪ್ರೋಟೀನ್ ಮೇಲಲ್ಲ, ಆ ನಗುವಿನ ಮೇಲೆ.

ಯಾಕಂದ್ರೆ ನಕ್ಕಿದ್ದು ಪದಕ್ಕೆ ಮಾತ್ರ ಅಲ್ಲ. ಆ ಗೆಳೆಯನ ಮನೆಯಲ್ಲಿ ಬೇಸಾಯ. ಗೊಬ್ಬರದ ಚೀಲದ ಮುಂದೆ ನಿಂತು ಸಾರಜನಕ ಎಷ್ಟು, ರಂಜಕ ಎಷ್ಟು, ಪೊಟ್ಯಾಷ್ ಎಷ್ಟು ಅಂತ ಲೆಕ್ಕ ಹಾಕೋರು ಅವರಪ್ಪ. ಯೂರಿಯಾದಲ್ಲಿ ಸಾರಜನಕ ಶೇ 46 ಅಂತ ಅವರಿಗೆ ಗೊತ್ತು. ತೊಗರಿ, ಹೆಸರು, ಹುರುಳಿ ಹಾಕಿದ ಹೊಲಕ್ಕೆ ಸತ್ವ ಬರುತ್ತೆ ಅಂತಲೂ ಗೊತ್ತು. ಆ ಗಿಡಗಳ ಬೇರಿನ ಗಂಟುಗಳಲ್ಲಿರೋ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ಅದೇ ಸಾರಜನಕ ಕಾಳಿಗೆ ಸೇರಿ ಸಸಾರಜನಕ ಆಗುತ್ತೆ. 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರೋದರ ಹಿಂದೆ ಈ ಹೊಲದ ಕೆಲಸ ಇದೆ. ಹೊಲ, ಗೊಬ್ಬರ, ಸಾರು ಮೂರನ್ನೂ ಒಂದೇ ಎಳೆಯಲ್ಲಿ ಹಿಡಿದಿಡೋ ಪದ ಅವನ ಬಾಯಲ್ಲಿತ್ತು. ನಾವು ಅದನ್ನು ನಗಾಡಿ ಒಳಗೆ ತಳ್ಳಿದೆವು.

ಕನ್ನಡ ಮಾಧ್ಯಮದಿಂದ ಬಂದವರು ಇಲ್ಲಿ ಪ್ರತಿ ಕ್ಲಾಸಿನಲ್ಲೂ ಇದ್ದಾರೆ. ವಿಷಯ ಗೊತ್ತಿದ್ದೂ ಪದಕ್ಕೆ ಹೆದರಿ ಸುಮ್ಮನೆ ಕೂತವರು ಎಷ್ಟೋ. ಅವರಲ್ಲಿ ಒಬ್ಬರು ಎದ್ದು ನಿಂತು ಉತ್ತರ ಹೇಳಿದಾಗ, ಆ ಪದ ಏನು ಹೇಳ್ತಿದೆ ಅಂತ ಒಂದು ಕ್ಷಣ ಯೋಚಿಸೋಣ. ಇಷ್ಟೇ ನಮ್ಮ ಕೇಳಿಕೆ.

ಮತ್ತೆ ಆ ಗೆಳೆಯನಿಗೆ: ನಿನ್ನ ಉತ್ತರ ಸರಿ ಇತ್ತು ಮಾರಾಯ. ಮುಂದಿನ ಕ್ಲಾಸಿನಲ್ಲಿ ಕೈ ಎತ್ತು.