ಸ್ಕ್ಯಾನ್ ಆದ ಹಣವೆಲ್ಲ ಆದಾಯವಲ್ಲ, ಆದರೆ ಲೆಕ್ಕ ಇರಲೇಬೇಕು

2025ರ ಜುಲೈ ತಿಂಗಳನ್ನು ರಾಜ್ಯದ ಸಣ್ಣ ವ್ಯಾಪಾರಿಗಳು ಸುಲಭವಾಗಿ ಮರೆಯಲಾರರು. ಯುಪಿಐ ಮೂಲಕ ಬಂದ ಹಣದ ಮಾಹಿತಿ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿ ಕಟ್ಟಿ ಎಂದು ನೋಟಿಸ್ ಬಂತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ! ಬೆಂಗಳೂರಿನ ಅಂಗಡಿಗಳಲ್ಲಿ 'ಕ್ಯಾಶ್ ಮಾತ್ರ' ಬೋರ್ಡ್ ಕಂಡವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದ ಮೇಲೆ ಗಲಾಟೆ ತಣ್ಣಗಾಯಿತು.

ಗಲಾಟೆ ತಣ್ಣಗಾಯಿತು, ಸರಿ. ನಮ್ಮ ಲೆಕ್ಕದ ಪುಸ್ತಕ ಸರಿಯಾಯಿತೇ? ಇದು ಬೆಂಗಳೂರಿನವರಿಗಷ್ಟೇ ಕೇಳುವ ಪ್ರಶ್ನೆಯಲ್ಲ. ಊರು ಬಿಟ್ಟು ಉತ್ತರ ಕರ್ನಾಟಕದ ಪೇಟೆಗಳಿಗೆ ಹೋಗಿ ಹೋಟೆಲು, ಬೇಕರಿ, ಜ್ಯೂಸ್ ಅಂಗಡಿ ನಡೆಸುವ ನಮ್ಮವರಿಗೂ, ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಅಂಗಡಿಕಾರರಿಗೂ ಇದು ಒಂದೇ.

ಮೊದಲು ಮಿತಿ ತಿಳಿದಿರಲಿ. ಬರೀ ಸಾಮಾನು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ. ಸೇವೆ ಕೊಡುವವರಿಗೆ 20 ಲಕ್ಷ. ಹೋಟೆಲು ಸೇವೆಯ ಲೆಕ್ಕಕ್ಕೆ ಬರುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. 20 ಲಕ್ಷ ಎಂದರೆ ದಿನಕ್ಕೆ ಸುಮಾರು 5,500 ರೂಪಾಯಿ ಅಷ್ಟೇ. ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿಗೆ ಅದು ದೊಡ್ಡ ಮೊತ್ತವಲ್ಲ. ಇನ್ನೊಂದು ಮಾತು: ಬರೀ ಹಾಲು, ಹಣ್ಣು, ತರಕಾರಿ ಮಾರುವವರಿಗೆ ನೋಂದಣಿ ಬೇಡ. ಆದರೆ ಹಾಲಿನ ಜೊತೆ ಸಿಗರೇಟು, ಕೂಲ್ ಡ್ರಿಂಕ್ಸ್ ಇಟ್ಟರೆ ಹಾಲಿನ ಮಾರಾಟವೂ ಮಿತಿಯ ಲೆಕ್ಕಕ್ಕೆ ಸೇರುತ್ತದೆ.

ಹೆಚ್ಚು ಗೊಂದಲ ಇರುವುದು ಆನ್‌ಲೈನ್ ಟಿಕೆಟ್ ಮಾಡಿಕೊಡುವ ಅಂಗಡಿಗಳಲ್ಲಿ. ಜೆರಾಕ್ಸ್ ಅಂಗಡಿಯ ಹುಡುಗ ವಾರಕ್ಕೆ 20,000 ರೂಪಾಯಿಯ ಐದು ವಿಮಾನ ಟಿಕೆಟ್ ಮಾಡಿಕೊಟ್ಟ ಎನ್ನಿ. ವರ್ಷಕ್ಕೆ ಅವನ ಕ್ಯೂಆರ್ ಕೋಡಿಗೆ ಬಿದ್ದದ್ದು 52 ಲಕ್ಷ. ಟಿಕೆಟಿಗೆ 400ರಂತೆ ಅವನ ಕೈಗೆ ಉಳಿದದ್ದು 1 ಲಕ್ಷ 4 ಸಾವಿರ. ಉಳಿದದ್ದು ವಿಮಾನ ಕಂಪನಿಯ ಹಣ. ಆದರೆ ಇಲಾಖೆಯ ಕಂಪ್ಯೂಟರಿಗೆ ಕಾಣುವುದು 52 ಲಕ್ಷ ಮಾತ್ರ. ಟಿಕೆಟಿನ ಪ್ರತಿ, ಕಂಪನಿಗೆ ಕಟ್ಟಿದ ರಸೀದಿ, ಕಮಿಷನ್ನಿನ ಬಿಲ್ಲು ಇಲ್ಲದಿದ್ದರೆ ಆ ಹುಡುಗ ಏನೆಂದು ಉತ್ತರ ಕೊಟ್ಟಾನು?

ಉಮ್ರಾ ಗುಂಪು ಕಟ್ಟುವವರ ಕಥೆ ಬೇರೆ. ಟಿಕೆಟು, ರೂಮು, ಊಟ ಎಲ್ಲ ಸೇರಿಸಿ ತಮ್ಮದೇ ಹೆಸರಿನಲ್ಲಿ ಪ್ಯಾಕೇಜ್ ಮಾರಿದರೆ 'ನಾನು ಬರೀ ಏಜೆಂಟ್' ಎನ್ನುವ ಮಾತು ನಿಲ್ಲುವುದು ಕಷ್ಟ. ಹಜ್, ಉಮ್ರಾ ಸೇವೆಗೆ ತೆರಿಗೆ ವಿನಾಯಿತಿ ಕೇಳಿ ಖಾಸಗಿ ಟೂರ್ ಆಪರೇಟರುಗಳು ಹಾಕಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2022ರ ಜುಲೈ 26ರಂದು ತಳ್ಳಿಹಾಕಿದೆ. ಮನೆಯ ಹಿರಿಯರು ವರ್ಷಗಟ್ಟಲೆ ಕೂಡಿಟ್ಟ ಹಣ ಅದು. ಕಟ್ಟುವವರು ಬಿಲ್ ಕೇಳಬೇಕು, ಪಡೆಯುವವರು ಕೊಡಬೇಕು. 'ನಮ್ಮವರೇ ಅಲ್ವಾ' ಎಂದು ಬಾಯಿಮಾತಿನಲ್ಲೇ ಮುಗಿಸಿದರೆ ನಾಳೆ ಇಬ್ಬರಿಗೂ ತೊಂದರೆ.

ಹಾಗಾದರೆ ಮಾಡಬೇಕಾದದ್ದೇನು? ಮನೆಗೊಂದು, ಅಂಗಡಿಗೊಂದು ಬ್ಯಾಂಕ್ ಖಾತೆ ಇರಲಿ. ಗಲ್ಫಿನಿಂದ ತಮ್ಮ ಕಳಿಸಿದ ದುಡ್ಡು, ನೆಂಟರು ತೀರಿಸಿದ ಕೈಸಾಲ ಅಂಗಡಿಯ ಖಾತೆಗೆ ಬೀಳದಿರಲಿ. ದಿನದ ವ್ಯಾಪಾರವನ್ನು ರಾತ್ರಿಯೇ ಬರೆದಿಡಿ. ಮಿತಿ ದಾಟಿದವರಿಗೆ ಕಾಂಪೊಸಿಷನ್ ಪದ್ಧತಿ ಇದೆ: ಒಂದೂವರೆ ಕೋಟಿಯವರೆಗಿನ ವಹಿವಾಟಿಗೆ ವ್ಯಾಪಾರಿ ಶೇ. 1, ಹೋಟೆಲು ಶೇ. 5 ಕಟ್ಟಿದರೆ ಸಾಕು. ಗಿರಾಕಿಯಿಂದ ಅದನ್ನು ವಸೂಲಿ ಮಾಡುವಂತಿಲ್ಲ. ಆದರೆ ರಬಕವಿ-ಬನಹಟ್ಟಿಯ ಸೀರೆಯನ್ನು ಮಹಾರಾಷ್ಟ್ರಕ್ಕೆ ಮಾರುವವರಿಗೆ ಈ ಪದ್ಧತಿ ಸಿಗುವುದಿಲ್ಲ. ನೋಟಿಸ್ ಬಂದರೆ ಡ್ರಾಯರಿನಲ್ಲಿ ಮುಚ್ಚಿಡಬೇಡಿ. ದಾಖಲೆ ಹಿಡಿದು, ತಿಳಿದವರ ಜೊತೆ ಹೋಗಿ, ಗಡುವಿನೊಳಗೆ ಉತ್ತರ ಕೊಡಿ.

ಸ್ಕ್ಯಾನರ್ ಕಿತ್ತು 'ರೊಕ್ಕಾನ ಕೊಡ್ರಿ' ಎನ್ನುವುದು ಪರಿಹಾರವಲ್ಲ. ವಹಿವಾಟು ನಗದಿನಲ್ಲಿ ನಡೆದರೂ ಮಿತಿ ಮಿತಿಯೇ. ಮೇಲಾಗಿ ಆದಾಯ ತೆರಿಗೆಯ ಅಂದಾಜು ಲಾಭದ ಪದ್ಧತಿಯಲ್ಲಿ ನಗದು ವ್ಯಾಪಾರಕ್ಕೆ ಶೇ. 8 ಲಾಭ ಹಿಡಿದರೆ, ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇ. 6 ಮಾತ್ರ. ಬ್ಯಾಂಕಿನ ಸಾಲ ಕೇಳಲು ಹೋದಾಗಲೂ ಖಾತೆಯ ದಾಖಲೆಯೇ ಕೈಹಿಡಿಯುವುದು.

ಇಲಾಖೆಗೂ ಒಂದು ಮಾತು. ನೋಟಿಸ್ ಕಳಿಸುವ ಮುಂಚೆ ವ್ಯಾಪಾರಿ ಏನು ಮಾರುತ್ತಾನೆಂದು ವಿಚಾರಿಸಬಾರದೇ? ಜಮಖಂಡಿ, ಮುಧೋಳದಂಥ ಪೇಟೆಗಳಲ್ಲಿ ಸಂತೆಯ ದಿನ ಅಧಿಕಾರಿಗಳೇ ಕುಳಿತು, ಕನ್ನಡದಲ್ಲಿ ನಿಯಮ ತಿಳಿಸಿ, ಅಲ್ಲೇ ನೋಂದಣಿ ಮಾಡಿಕೊಟ್ಟರೆ ಅರ್ಧ ಭಯ ಹೋಗುತ್ತದೆ. ಜಮಾತಿನ ಕಮಿಟಿಗಳು, ವರ್ತಕರ ಸಂಘಗಳು ಅದನ್ನು ಕೇಳಿ ಪಡೆಯಲಿ. ಕಾನೂನು ತಿಳಿಯದ್ದಕ್ಕೆ ಬಡ ಅಂಗಡಿಕಾರನೊಬ್ಬನೇ ದಂಡ ಕಟ್ಟುವಂತಾಗಬಾರದು.