ಚಕ್ರವರ್ತಿಯ ಮನೆಯ ಬಟ್ಟೆ ಹಗ್ಗ
ಕ್ರೊಯೇಷಿಯಾದ ಸ್ಪ್ಲಿಟ್‌ನಲ್ಲಿ ಈ ವಾರ ರೋಮನ್ ಕಮಾನಿನ ಕೆಳಗೆ ನಿಂತಿದ್ದಾಗ, ಮೇಲಿನ ಕಿಟಕಿಯ ಹಗ್ಗದಲ್ಲಿ ನೇತಾಡುತ್ತಿದ್ದ ಬನಿಯನ್ನಿನ ನೀರು ಟಪಕ್ಕನೆ ಹೆಗಲಿಗೆ ಬಿತ್ತು. ಕ್ರಿ.ಶ. 305ರ ಹೊತ್ತಿಗೆ ಡಯೊಕ್ಲೀಷಿಯನ್ ಚಕ್ರವರ್ತಿ ನಿವೃತ್ತಿಗೆಂದು ಕಟ್ಟಿಸಿಕೊಂಡ ಅರಮನೆ ಇದು. ಏಳನೇ ಶತಮಾನದಲ್ಲಿ ಪಕ್ಕದ ಸಲೋನಾ ನಗರ ಹಾಳಾದಾಗ ಓಡಿಬಂದವರು ಒಳಹೊಕ್ಕು ಸಂಸಾರ ಹೂಡಿದರು. ಇವತ್ತಿಗೂ ಜನ ಇದ್ದಾರೆ. ಕ್ರೈಸ್ತರನ್ನು ಬೇಟೆಯಾಡಿದ ದೊರೆಯ ಸಮಾಧಿಯೇ ಈಗ ಕ್ಯಾಥೆಡ್ರಲ್, ಅದೂ ಅವನ ಕಾಲದಲ್ಲೇ ಹತನಾದ ಸಂತ ಡೊಮ್ನಿಯಸ್ ಹೆಸರಿನಲ್ಲಿ (ಚರಿತ್ರೆಗೂ ತುಂಟತನ ಉಂಟು). 1979ರಲ್ಲಿ ಅರಮನೆ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದ ಮೇಲೂ ಯಾರೂ ಇಲ್ಲಿ ವಾಸಿಸುವವರ ಹಗ್ಗ ಕತ್ತರಿಸಲಿಲ್ಲ. ನಮ್ಮ ಹಂಪಿಯೂ ಅದೇ ಪಟ್ಟಿಯಲ್ಲಿದೆ. ಅಲ್ಲಿ 2011ರಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿದ್ದ ಸಂಸಾರಗಳನ್ನು ಎಬ್ಬಿಸಿ ಬುಲ್ಡೋಜರ್ ನುಗ್ಗಿಸಿದೆವು. ಸ್ಪ್ಲಿಟ್‌ನಲ್ಲೂ ಪ್ರವಾಸಿ ಬಾಡಿಗೆಯ ಆಸೆಗೆ ಹಳಬರು ಮನೆ ಬಿಡುತ್ತಿದ್ದಾರೆ, ಆದರೆ ಬೀಗ ಹಾಕುವ ಕೈ ಅವರದೇ.